ಮೊದಲು ಜಗಳವನ್ನು ನೆಟ್ಟಗೆ ಕಲಿಸಮ್ಮ

ಒಂಬತ್ತನೇ ತರಗತಿಗೆ ‘ಸಂಘರ್ಷ ಮತ್ತು ಶಾಂತಿ’ ಅಂತ ಪಾಠ ಮಾಡಬೇಕು, ಗಾಂಧೀಜಿಯಿಂದ ಶುರು ಮಾಡಲಾ ಅಂತ ಕೇಳಿದೆಯಲ್ಲ, ಬೇಡಮ್ಮ. ಗಾಂಧೀಜಿ ಪಟ ಕಂಡ ಕೂಡಲೇ ಮಕ್ಕಳಿಗೆ ಉತ್ತರ ಗೊತ್ತಾಗಿಬಿಡುತ್ತೆ. ‘ಎಲ್ಲರೂ ಒಂದಾಗಿ ಬಾಳಬೇಕು ಮಿಸ್’ ಅಂತಾರೆ, ನೀನು ವೆರಿ ಗುಡ್ ಅಂತೀಯ, ಬೆಲ್ಲು ಹೊಡೆಯುತ್ತೆ. ಮಂಡ್ಯ ಸೀಮೆಯಲ್ಲಿದ್ದುಕೊಂಡು ಬೇರೆ ಜಗಳ ಯಾಕೆ ಹುಡುಕುತ್ತೀಯ? ಕಾವೇರಿಯನ್ನೇ ತಗೋ. ನಿನ್ನ ಮಕ್ಕಳಲ್ಲಿ ಕೆಲವರ ಅಪ್ಪಂದಿರು ಸಂಜಯ ವೃತ್ತದಲ್ಲಿ ಧರಣಿ ಕೂತವರೇ ಇರುತ್ತಾರೆ.

1892 ಮತ್ತು 1924ರ ಒಪ್ಪಂದ, 1990ರ ನ್ಯಾಯಮಂಡಳಿ, 2007ರ ಅಂತಿಮ ತೀರ್ಪು, 2018ರ ಸುಪ್ರೀಂ ಕೋರ್ಟ್ ತೀರ್ಪು, ಇವನ್ನೆಲ್ಲ ಬೋರ್ಡಿನ ಮೂಲೆಯಲ್ಲಿ ಬರೆದುಬಿಡು, ಪರೀಕ್ಷೆಗೆ ಅಷ್ಟು ಸಾಕು. ಹೊತ್ತು ಕೊಡಬೇಕಾದ್ದು ಲೆಕ್ಕಕ್ಕೆ. ಇಡೀ ಕಣಿವೆಯ ನೀರು 740 ಟಿಎಂಸಿ. ಈಗಿನ ಹಂಚಿಕೆಯಲ್ಲಿ ತಮಿಳುನಾಡಿಗೆ 404.25, ನಮಗೆ 284.75, ಕೇರಳಕ್ಕೆ 30, ಪುದುಚೇರಿಗೆ 7. ಕೂಡಿಸಿ ಅನ್ನು. ‘ಇನ್ನು 14 ಎಲ್ಲಿ ಹೋಯ್ತು ಮಿಸ್?’ ಅಂತ ಯಾವನಾದರೂ ಕೇಳಿಯೇ ಕೇಳುತ್ತಾನೆ. ಪರಿಸರಕ್ಕೆ 10, ತಡೆದರೂ ನಿಲ್ಲದೆ ಸಮುದ್ರ ಸೇರುವುದು 4. ನದಿಗೂ ಒಂದು ಪಾಲಿದೆ ಅನ್ನೋದು ಅವರಿಗೆ ಅಲ್ಲಿವರೆಗೆ ಹೊಳೆದೇ ಇರುವುದಿಲ್ಲ.

ಆಮೇಲೆ ಮಳೆ ಕೈಕೊಟ್ಟ ವರ್ಷದ ಲೆಕ್ಕ ಕೊಡು. ಸಂಕಷ್ಟದ ವರ್ಷ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯಬೇಕು ಅಂತ ನ್ಯಾಯಮಂಡಳಿ ಹೇಳಿದೆ. ಮುಕ್ಕಾಲು ಭಾಗ ನೀರೇ ಬಂದರೆ ಯಾರಿಗೆಷ್ಟು? ಹುಡುಗರು ಐದು ನಿಮಿಷದಲ್ಲಿ ಬಿಡಿಸಿ, ಮುಗೀತಲ್ಲ ಅಂತ ಕೈ ಕಟ್ಟಿ ಕೂರುತ್ತಾರೆ. ‘ಯಾವ ತಿಂಗಳಲ್ಲಿ ಎಷ್ಟು?’ ಅಂತ ಕೇಳು. ಜಗಳ ಕೂತಿರುವುದೇ ಅಲ್ಲಿ. ಮೆಟ್ಟೂರು ಅಣೆಕಟ್ಟಿನ ಗೇಟು ಜೂನ್ 12ಕ್ಕೆ ತೆಗೆಯುವುದು ಅಲ್ಲಿನ ವಾಡಿಕೆ, ಆ ನೀರು ನಂಬಿ ಡೆಲ್ಟಾದಲ್ಲಿ ಕುರುವೈ ಭತ್ತ ಹಾಕುತ್ತಾರೆ. ಅವರ ದೊಡ್ಡ ಮಳೆ ಅಕ್ಟೋಬರ್ ಮೇಲೆ. ಇತ್ತ ಕೊಡಗಿನಲ್ಲಿ ಮುಂಗಾರು ಸೊರಗಿದರೆ ಕೆಆರ್‌ಎಸ್ 124.80 ಅಡಿ ಮುಟ್ಟುವುದಿಲ್ಲ, ನಮ್ಮ ವಿ.ಸಿ. ನಾಲೆಗೆ ಸರದಿ ಮೇಲೆ ಕಟ್ಟು ನೀರು. ಆಗಸ್ಟಿನಲ್ಲಿ ಎರಡೂ ಕಡೆ ಬೆಳೆ ಗದ್ದೆಯಲ್ಲೇ ಇರುತ್ತೆ.

ಚರ್ಚಾಸ್ಪರ್ಧೆ ಮಾತ್ರ ಇಡಬೇಡ. ಕಪ್ಪು ಕೊಡುವ ಕಡೆ ಮಕ್ಕಳು ಗೆಲ್ಲುವುದನ್ನಷ್ಟೇ ಕಲಿಯುತ್ತಾರೆ. ಅರ್ಧ ಕ್ಲಾಸು ತಂಜಾವೂರಿನ ರೈತರಾಗಿ ಒಂದು ಮನವಿ ಬರೆಯಲಿ. ಇನ್ನರ್ಧ ಅದನ್ನು ಓದಿ, ಅದರಲ್ಲಿ ಏನಿದೆ ಅಂತ ತಮ್ಮ ಮಾತಿನಲ್ಲಿ ಹೇಳಲಿ. ಬರೆದವರು ‘ಹೌದು, ನಾವು ಹೇಳಿದ್ದು ಇದನ್ನೇ’ ಅಂತ ಒಪ್ಪುವವರೆಗೆ ಉತ್ತರ ಕೊಡುವ ಹಾಗಿಲ್ಲ. ಈ ಒಂದು ಕಟ್ಟಳೆ ಸಡಿಲ ಮಾಡಬೇಡ, ಉಳಿದದ್ದು ಹೇಗೋ ನಡೆಯುತ್ತೆ. ನಾನು ಮಾಡಿಸಿದಾಗ ಒಬ್ಬ, ‘ಅವರು ಬೋರ್ ಹಾಕಿಸ್ಕೊಳ್ಳಲಿ ಸಾರ್’ ಅಂದಿದ್ದ. ಮನವಿ ಬರೆದ ಹುಡುಗಿ ಭೂಪಟದ ಮೇಲೆ ನಾಗಪಟ್ಟಣಂ ಹತ್ತಿರ ಬೆರಳಿಟ್ಟು, ‘ಸಮುದ್ರದ ಪಕ್ಕ ಕಣೋ, ಉಪ್ಪು ನೀರು ಬರುತ್ತೆ’ ಅಂದಳು. ಅವನು ಮತ್ತೂ ನೀರು ಬಿಡಲ್ಲ ಅಂತಲೇ ಕೂತ. ಕೂರಲಿ ಬಿಡು. ಒಪ್ಪಿಸಲೇಬೇಕು ಅಂತ ನೀನೂ ಹಟ ಹಿಡಿಯಬೇಡ.

ಕ್ಲಾಸಿನಲ್ಲಿ ಮನೆಮಾತು ತಮಿಳಿನ ಮಗು ಇದ್ದರೆ ‘ನಿಮ್ಮ ಕಡೆಯವರು ಏನಂತಾರೆ ಹೇಳಪ್ಪ’ ಅಂತ ಅದರ ಕಡೆ ತಿರುಗಬೇಡ. ಅದು ಮದ್ದೂರು ನೀರು ಕುಡಿದು ಬೆಳೆದ ಮಗು. 1991ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳು ಮಾತಾಡುವವರ ಮನೆ, ಅಂಗಡಿಗಳ ಮೇಲೆ ದಾಳಿ ನಡೆದದ್ದನ್ನು, 2016ರ ಸೆಪ್ಟೆಂಬರಿನಲ್ಲಿ ಬಸ್ಸುಗಳು ಸುಟ್ಟದ್ದನ್ನು, ಚೆನ್ನೈಯಲ್ಲಿ ಕನ್ನಡಿಗರ ಹೋಟೆಲಿನ ಮೇಲೆ ದಾಳಿಯಾದದ್ದನ್ನು ಮುಚ್ಚಿಡದೆ ಹೇಳು. ಯಾರದೋ ಮುಖ ನೋಡಿಕೊಂಡು ಹೇಳಬೇಡ, ಅಷ್ಟೇ.

ಕಾವೇರಿ ಕುಟುಂಬದ ಕತೆ ಕೊನೆಗಿರಲಿ. 2003ರಲ್ಲಿ ಎರಡೂ ರಾಜ್ಯದ ರೈತರು ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಒತ್ತಾಸೆಯಿಂದ ಈ ಹೆಸರಿನಲ್ಲಿ ಒಟ್ಟಿಗೆ ಕೂತರು, ಒಬ್ಬರ ಗದ್ದೆಗೆ ಒಬ್ಬರು ಹೋಗಿ ಬಂದರು. ಸಂಕಷ್ಟದ ವರ್ಷ ನೀರು ಹಂಚುವ ಸೂತ್ರ ಮಾತ್ರ ಕುದುರಲಿಲ್ಲ. ಮಕ್ಕಳು ‘ಹಂಗಾದ್ರೆ ಏನು ಬಂತು ಮಿಸ್?’ ಅನ್ನುತ್ತಾರೆ. ಆ ಪ್ರಶ್ನೆಯನ್ನೇ ಮನೆಗೆಲಸಕ್ಕೆ ಕೊಡು, ಅಪ್ಪ ಅಮ್ಮನನ್ನು ಕೇಳಿಕೊಂಡು ಬರಲಿ.

ಯಾರಾದರೂ ತಂದೆ ಸಿಟ್ಟಾಗಿ ಶಾಲೆಗೆ ಬಂದರೆ ಕುರ್ಚಿ ಹಾಕಿ ಕೂರಿಸು, ಮಗನ ನೋಟ್‌ಬುಕ್ ಕೈಗೆ ಕೊಡು. ಟಿಎಂಸಿ ಲೆಕ್ಕದಲ್ಲಿ ತಪ್ಪಿದ್ದರೆ ಅವರೇ ತಿದ್ದುತ್ತಾರೆ, ನೀರಿನ ಲೆಕ್ಕ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ಇದಕ್ಕೆಲ್ಲ ಎರಡು ಪೀರಿಯಡ್ಡು ಸಾಲುವುದಿಲ್ಲ, ನಾಲ್ಕಾದರೂ ಬೇಕು. ಗಣಿತದವರ ಹತ್ತಿರ ಒಂದು ಕೇಳು, ಪ್ರಮಾಣದ ಲೆಕ್ಕ ಅಂದರೆ ಕೊಟ್ಟಾರು. ಪಿಟಿ ಮೇಷ್ಟ್ರ ಪೀರಿಯಡ್ಡಿಗೆ ಮಾತ್ರ ಕೈ ಹಾಕಬೇಡ, ಮಕ್ಕಳೆಲ್ಲ ಅವರ ಕಡೆಗೇ ನಿಲ್ಲುತ್ತಾರೆ.