ಬೆರೆತ ಪದಾರ್ಥಗಳನ್ನು ಬೇರ್ಪಡಿಸುವ ಕ್ರಮ: ಕುಡಿಯುವ ನೀರಿನ ವಿಷಯವಾಗಿ

ರಾಗಿಯ ಕಣದಲ್ಲಿ ನಿಂತ ರೈತನಿಗೆ ಈ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಾದುದಿಲ್ಲ. ಹೊಟ್ಟು ಹಗುರ, ಕಾಳು ಭಾರ. ಆದುದರಿಂದ ಗಾಳಿಗೆ ತೂರಿದರೆ ಎರಡೂ ಬೇರೆಯಾಗುವುವು. ಮಣ್ಣಿನ ಹೆಂಟೆ ದಪ್ಪ, ಕಾಳು ಸಣ್ಣದು. ಅಲ್ಲಿಗೆ ಜರಡಿಯೇ ಸಾಕು. ಬೆರೆತ ವಸ್ತುಗಳಲ್ಲಿ ಯಾವ ಗುಣವು ಭಿನ್ನವಾಗಿರುವುದೋ ಅದನ್ನು ಹಿಡಿದೇ ಅವುಗಳನ್ನು ಬೇರ್ಪಡಿಸತಕ್ಕದ್ದು.

ಸೋಲದೇವನಹಳ್ಳಿಯವರಿಗೆ ನೀರಿನ ಉದಾಹರಣೆಯು ಮನೆಬಾಗಿಲಿನದು. ದಿವಾನ್ ಕೆ. ಶೇಷಾದ್ರಿ ಅಯ್ಯರ್‌ರವರ ಕಾಲದಲ್ಲಿ ಹೆಸರಘಟ್ಟದ ಬಳಿ ಅರ್ಕಾವತಿಗೆ ಕಟ್ಟಿದ ಕೆರೆಯ ನೀರು, ಇಟ್ಟಿಗೆಯ ಕಾಲುವೆಯಲ್ಲಿ ತಾನಾಗಿಯೇ ಈ ಗ್ರಾಮಕ್ಕೆ ಹರಿದುಬಂದು, ಇಲ್ಲಿಯ ಆವಿಯಂತ್ರಗಳಿಂದ ಮೇಲೆತ್ತಲ್ಪಟ್ಟು, 1896ರಿಂದ ಬೆಂಗಳೂರಿಗೆ ಹೋಗುತ್ತಿದ್ದಿತು. ಮುಂದೆ ಮಲ್ಲೇಶ್ವರದಲ್ಲಿ ಸ್ಥಾಪಿತವಾದ ಜ್ಯೂಯೆಲ್ ಶೋಧಕಗಳಲ್ಲಿ ಅದನ್ನು ಮರಳಿನ ಮೂಲಕ ಸೋಸುತ್ತಿದ್ದರು.

ಕೆಂಪು ನೀರನ್ನು ಕೊಡದಲ್ಲಿ ತುಂಬಿಟ್ಟರೆ ಮರಳು ಕೂಡಲೇ ತಳಕ್ಕಿಳಿಯುವುದು. ನುಣುಪಾದ ಜೇಡಿಯಾದರೋ ರಾತ್ರಿಯೆಲ್ಲ ಕಳೆದರೂ ಇಳಿಯದು. ಅದರ ಕಣಗಳು ಒಂದೇ ಬಗೆಯ ವಿದ್ಯುದಂಶವನ್ನು ಹೊಂದಿದ್ದು ಒಂದನ್ನೊಂದು ದೂಡುವುದೇ ಇದಕ್ಕೆ ಕಾರಣ. ಕಡಲೆಕಾಳಿನಷ್ಟು ಪಟಿಕವನ್ನು ಕರಗಿಸಿ ಕದಡಿದರೆ ಆ ವಿರೋಧವು ಅಳಿದು, ಕಣಗಳು ಕೂಡಿಕೊಂಡು ಗಸಿಯಾಗಿ ಇಳಿಯುವುವು. ನಮ್ಮ ಹಿರಿಯರು ಚಿಲ್ಲದ ಬೀಜವನ್ನು ಕೊಡದ ಒಳಮೈಗೆ ತೇಯುತ್ತಿದ್ದುದೂ ಇದೇ ಉದ್ದೇಶದಿಂದ. ಅದನ್ನು ಹಳೆಯ ಕಾಲದ ಮೂಢತನವೆಂದು ನಗುವವರು ತಾವೇ ಒಮ್ಮೆ ಮಾಡಿನೋಡಲಿ. ತಿಳಿನೀರನ್ನು ಕದಡದಂತೆ ಬಗ್ಗಿಸಿಕೊಂಡು, ಶುಭ್ರವಾದ ಮರಳಿನಲ್ಲಿ ಸೋಸಿ, ಕ್ರಿಮಿಗಳ ನಾಶಕ್ಕಾಗಿ ಚೆನ್ನಾಗಿ ಕುದಿಸತಕ್ಕದ್ದು.

ಇಷ್ಟಾದರೂ ಒಂದು ಅಪಾಯವುಳಿಯುವುದು. ಗ್ರಾಮವೊಂದರ ಯಜಮಾನರು ಕೊಳವೆಬಾವಿಯ ನೀರನ್ನು ಗಾಜಿನ ಲೋಟದಲ್ಲಿ ನನಗೆ ತೋರಿಸಿ, "ಸ್ವಾಮಿ, ಇಷ್ಟು ತಿಳಿಯಾಗಿರುವ ನೀರಿಗೆ ಪರೀಕ್ಷೆ ಯಾತಕ್ಕೆ?" ಎಂದರು. ಕರಗಿದ ಉಪ್ಪು ಕಣ್ಣಿಗೆ ಕಾಣದು. ಬಟ್ಟೆಯಲ್ಲಿಯಾಗಲಿ ಮರಳಿನಲ್ಲಿಯಾಗಲಿ ನಿಲ್ಲದು. ಅದೇ ನೀರನ್ನು ತಟ್ಟೆಯಲ್ಲಿ ಹಾಕಿ ಸಣ್ಣ ಉರಿಯಲ್ಲಿ ಇಂಗಿಸಿದಾಗ ಬಿಳಿಯ ಪೊರೆಯುಳಿಯಿತು. ಅವರು ಅದನ್ನು ಉಗುರಿನಿಂದ ಕೆರೆದುನೋಡಿ ಸುಮ್ಮನಾದರು.

ಈ ಪೊರೆಯು ಲವಣಗಳಿರುವುದನ್ನು ತಿಳಿಸುವುದೇ ಹೊರತು ಅವು ಯಾವುವೆಂಬುದನ್ನು ತಿಳಿಸದು. ಕೋಲಾರ, ಪಾವಗಡ ಮುಂತಾದ ಸೀಮೆಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡು ಹೆಚ್ಚಾಗಿದ್ದು, ಮಕ್ಕಳ ಹಲ್ಲುಗಳಲ್ಲಿ ಕಲೆಗಳೂ, ಬಹುಕಾಲ ಕುಡಿದವರಲ್ಲಿ ಮೂಳೆಕೀಲುಗಳ ಬಿಗಿತವೂ ಉಂಟಾಗುವುವು. ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದ ನೀರು ಕುಡಿಯಲು ತಕ್ಕದ್ದಲ್ಲ. ಅಂತಹ ನೀರನ್ನು ಕುದಿಸುವುದರಿಂದ ಪ್ರಯೋಜನವಿಲ್ಲ. ನೀರು ಆವಿಯಾಗಿ ಹೋಗಿ ಫ್ಲೋರೈಡು ಉಳಿಯುವುದರಿಂದ ಅದರ ಪ್ರಮಾಣವು ಹೆಚ್ಚುವುದು. ಆವಿಯನ್ನೇ ಹಿಡಿದು ತಣಿಸಿದರೆ ಶುದ್ಧವಾದ ನೀರು ದೊರೆಯುವುದು, ಆದರೆ ಸೌದೆಯ ವೆಚ್ಚವು ಬಹಳ. ಗ್ರಾಮಗಳ ಶುದ್ಧ ನೀರಿನ ಘಟಕಗಳಲ್ಲಿ ನೀರನ್ನು ಒತ್ತಡದಿಂದ ಅತಿ ಸೂಕ್ಷ್ಮವಾದ ಪೊರೆಯ ಮೂಲಕ ನೂಕಿ ಲವಣಗಳನ್ನು ಬಹುಮಟ್ಟಿಗೆ ಬೇರ್ಪಡಿಸುವರು.

ಪರೀಕ್ಷೆಗೆ ನೀರನ್ನು ಕಳುಹಿಸುವವರು ಪಂಪನ್ನು ಸ್ವಲ್ಪ ಹೊತ್ತು ನಡೆಸಿ, ಶುಭ್ರವಾದ ಪ್ಲಾಸ್ಟಿಕ್ ಸೀಸೆಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ತುಂಬಿ, ಬಿರಡೆ ಹಾಕಿ, ಬಾವಿಯ ಗುರುತನ್ನೂ ದಿನಾಂಕವನ್ನೂ ಬರೆದು ಕೊಡತಕ್ಕದ್ದು.