ಕದ್ರಿ ಗುಡ್ಡೆಯ ಊರು: ಹೆಸರು, ನೀರು, ಶಾಸನ

ಶ್ರೀ ಮಂಜುನಾಥನ ದರ್ಶನಕ್ಕೆ ದೂರದ ಊರುಗಳಿಂದ ಬರುವ ಭಕ್ತಾದಿಗಳಲ್ಲಿ ಹೆಚ್ಚಿನವರು ತೀರ್ಥ ಪ್ರಸಾದ ಆದ ಕೂಡಲೇ ನೇರ ಬಸ್ಸಿಗೆ ಹೋಗುತ್ತಾರೆ. ಅದೇ ದಿನ ಕಟೀಲು, ಧರ್ಮಸ್ಥಳ, ಉಡುಪಿ ಮುಟ್ಟಬೇಕೆಂಬ ಅವಸರ ಇದ್ದೇ ಇರುತ್ತದೆ. ಆದರೂ ಒಂದೆರಡು ಗಂಟೆ ಬಿಡುವು ಮಾಡಿಕೊಂಡು ಗುಡ್ಡೆ ಹತ್ತಿ ಸುತ್ತಮುತ್ತ ನೋಡಿದರೆ, ಈ ದೇವಸ್ಥಾನ ಯಾವ ಊರಿನಲ್ಲಿದೆ, ಆ ಊರು ಹೇಗೆ ಬೆಳೆಯಿತು ಎಂಬುದು ಸ್ವಲ್ಪವಾದರೂ ತಿಳಿಯುತ್ತದೆ. ಇದಕ್ಕೆ ದೊಡ್ಡ ಪಾಂಡಿತ್ಯ ಏನೂ ಬೇಡ. ಊರಿನ ಹೆಸರು, ನೀರು, ಬರವಣಿಗೆ, ಹಿರಿಯರ ಕತೆ ಇವುಗಳನ್ನು ಬೇರೆ ಬೇರೆಯಾಗಿ ಕೇಳಿ ತಿಳಿದುಕೊಂಡರೆ ಸಾಕು.

ಕದ್ರಿ ಈಗ ಮಂಗಳೂರು ಮಹಾನಗರದ ಒಳಗೇ ಸೇರಿಹೋಗಿದೆ. ಮಂಗಳೂರಿಗೆ ಪುರಸಭೆ ಬಂದದ್ದು 1866ರಲ್ಲಿ, ಮಹಾನಗರಪಾಲಿಕೆ ಆದದ್ದು 1980ರಲ್ಲಿ. ಹಿಂದೆ ಬಂದರು, ಪೇಟೆ ಎಲ್ಲ ಕೆಳಗೆ ಹೊಳೆಯ ಬದಿಯಲ್ಲಿ. ಕದ್ರಿ ಅಂದರೆ ಪೇಟೆಯಿಂದ ಹೊರಗೆ, ಗುಡ್ಡೆಯ ಮಗ್ಗುಲಿನ ತೋಟ ಗದ್ದೆಗಳ ಊರು. ಅದು ಹಾಗಿತ್ತು ಎಂಬುದಕ್ಕೆ ಇವತ್ತಿನ ಬಸ್‌ಸ್ಟಾಪಿನ ಹೆಸರುಗಳೇ ಸಾಕ್ಷಿ. ಕದ್ರಿ ಕಂಬಳ ಎಂಬಲ್ಲಿ ಈಗ ಬಹುಮಹಡಿ ಕಟ್ಟಡಗಳಿವೆ. ಕಂಬಳ ಅಂದರೆ ಕೆಸರುಗದ್ದೆಯಲ್ಲಿ ಕೋಣಗಳ ಓಟ, ಓಟ ನಡೆಯುವ ಗದ್ದೆಗೂ ಅದೇ ಹೆಸರು. ಗದ್ದೆ ಹೋಯಿತು, ಹೆಸರು ಉಳಿಯಿತು. ಕೊಡಿಯಾಲ್‌ಬೈಲಿನಲ್ಲಿ ಬೈಲು ಅಂದರೆ ತಗ್ಗಿನ ಗದ್ದೆಸಾಲು. ಕದ್ರಿ ಪದವು ಎಂಬಲ್ಲಿ ಪದವು ಅಂದರೆ ಗುಡ್ಡೆಯ ಮೇಲಿನ ಸಮತಟ್ಟಾದ ಮುರಕಲ್ಲಿನ ಬಯಲು. ಬೆಂದೂರ್‌ವೆಲ್ ಎಂಬುದರೊಳಗೆ ಇಂಗ್ಲಿಷಿನ ಒಂದು ಬಾವಿಯೇ ಕೂತಿದೆ! ಬಸ್ಸಿನ ಕಂಡಕ್ಟರು ಕೂಗುವ ಈ ಹೆಸರುಗಳನ್ನು ತೆಗೆದು ಹೊಸ ಹೆಸರು ಇಟ್ಟರೆ, ಎಲ್ಲಿ ಗದ್ದೆ ಇತ್ತು, ಎಲ್ಲಿ ನೀರು ಇತ್ತು ಎಂದು ಹೇಳುವವರೇ ಇಲ್ಲದ ಹಾಗೆ ಆಗುತ್ತದೆ.

ಇನ್ನು ನೀರಿನ ವಿಷಯ. ದೇವಸ್ಥಾನದ ಹಿಂಬದಿಯ ಮೆಟ್ಟಿಲು ಹತ್ತಿದರೆ ಗೋಮುಖದಿಂದ ನೀರು ಬೀಳುವುದನ್ನೂ, ಆ ನೀರು ತುಂಬುವ ಕೆರೆಗಳನ್ನೂ ಕಾಣಬಹುದು. (ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತದೆ, ವಯಸ್ಸಾದವರು ಕೈಹಿಡಿದು ಹತ್ತಬೇಕು.) ಇದು ಕಾಶಿಯಿಂದ ಬರುವ ಭಾಗೀರಥಿ ತೀರ್ಥ ಎಂಬ ನಂಬಿಕೆ ಇದೆ. ಭಕ್ತರು ಇಲ್ಲಿ ಮಿಂದು ಕೆಳಗಿಳಿದು ದೇವರ ದರ್ಶನ ಮಾಡುತ್ತಾರೆ. ನಂಬಿಕೆಯ ಜೊತೆಗೆ ಗುಡ್ಡೆಯ ಮಣ್ಣನ್ನೂ ಒಮ್ಮೆ ನೋಡಬೇಕು. ಇಲ್ಲಿನದು ಮುರಕಲ್ಲು, ತೂತು ತೂತಾದ ಕೆಂಪು ಕಲ್ಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆ ಪದವಿನ ಮೇಲೆ ಬಿದ್ದು ಕಲ್ಲಿನೊಳಗೆ ಇಂಗುತ್ತದೆ, ಅಡಿಯಲ್ಲಿ ಜೇಡಿಮಣ್ಣಿನ ಪದರ ಸಿಕ್ಕಿದಲ್ಲಿ ಮುಂದೆ ಇಳಿಯಲಾರದೆ ಬದಿಯಿಂದ ಒಸರಾಗಿ ಹೊರಗೆ ಬರುತ್ತದೆ. ಕರಾವಳಿಯ ಗುಡ್ಡೆಗಳ ಬುಡದಲ್ಲಿ ಒರತೆಗಳಿರುವುದು ಹೀಗೆ. ತೀರ್ಥ ಮೇಲಿನ ಗುಡ್ಡೆಯನ್ನು ನಂಬಿಕೊಂಡಿದೆ ಎಂದಾಯಿತು. ಗುಡ್ಡೆಯ ಮೇಲೆ ಈಗ ಪಾರ್ಕು, ಸರ್ಕಿಟ್ ಹೌಸು, ಆಕಾಶವಾಣಿ, ಮನೆಗಳು, ರಾಷ್ಟ್ರೀಯ ಹೆದ್ದಾರಿ 66 ಎಲ್ಲವೂ ಇವೆ. ಕಾಂಕ್ರೀಟು, ಡಾಮರು ಹಾಕಿದಷ್ಟೂ ಜಾಗದ ಮಳೆನೀರು ಕೆಳಗೆ ಇಂಗುವುದಿಲ್ಲ, ಚರಂಡಿ ಹಿಡಿದು ಹೊಳೆಗೆ ಹೋಗುತ್ತದೆ. ತೀರ್ಥವನ್ನು ಕಾಪಾಡಬೇಕು ಎನ್ನುವವರು ಕೆರೆಯ ದಂಡೆ ಮಾತ್ರ ತೊಳೆದರೆ ಸಾಲದು, ಮೇಲಿನ ಪದವಿನ ಕಡೆಗೂ ಕಣ್ಣು ಹಾಯಿಸಬೇಕು.

ಬರವಣಿಗೆಯ ಸಾಕ್ಷಿ ಎಂದರೆ ಮುಖ್ಯವಾಗಿ ದೇವಸ್ಥಾನದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹ. ಸುಮಾರು ಐದು ಅಡಿ ಎತ್ತರ, ಮೂರು ಮುಖ, ಆರು ಕೈ, ಪದ್ಮಾಸನ. ಅದರ ಪೀಠದ ಮೇಲೆ ಸಂಸ್ಕೃತ ಶಾಸನ ಇದೆ. ಕಲಿವರ್ಷ 4068ರಲ್ಲಿ, ಅಂದರೆ ಕ್ರಿ.ಶ. 968ರಲ್ಲಿ, ಆಳುಪ ರಾಜ ಕುಂದವರ್ಮನು ಕದಿರಿಕಾ ಎಂಬ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿದನು ಎಂಬುದು ಅದರ ಸಾರ. ತುಳುನಾಡನ್ನು ಬಹುಕಾಲ ಆಳಿದವರು ಆಳುಪರು. ಊರಿನ ಹೆಸರಿಗೆ ಸಾವಿರ ವರ್ಷ ಮೀರಿದ ದಾಖಲೆ ಇದು. ಕದಳೀವನ ಇದ್ದುದರಿಂದ ಕದ್ರಿ ಆಯಿತು ಎಂದು ಸ್ಥಳಪುರಾಣ ಹೇಳುತ್ತದೆ, ಶಾಸನದಲ್ಲಿ ಇರುವುದು ಕದಿರಿಕಾ ಎಂಬ ರೂಪ. ಎರಡನ್ನೂ ತಿಳಿದಿರಬೇಕು, ಒಂದನ್ನು ಇನ್ನೊಂದೆಂದು ಹೇಳಬಾರದು.

ಯಾತ್ರಿಕರು ಹೆಚ್ಚಾಗಿ ಕೇಳುವ ಪ್ರಶ್ನೆಯೂ ಇಲ್ಲೇ ಬರುತ್ತದೆ. ‘ಇದು ಮೊದಲು ಬೌದ್ಧರ ಜಾಗವಂತೆ, ಹೌದಾ?’ ಕೆಲವರು ಕುತೂಹಲದಿಂದ ಕೇಳುತ್ತಾರೆ, ಕೆಲವರಿಗೆ ಕೇಳುವಾಗಲೇ ಸಿಟ್ಟು ಬಂದಿರುತ್ತದೆ. ಸಿಟ್ಟು ಮಾಡುವ ವಿಷಯ ಅಲ್ಲ. ವಿಹಾರ ಎಂಬ ಮಾತು, ಲೋಕೇಶ್ವರ ಎಂಬ ಹೆಸರು, ವಿಗ್ರಹದ ಕಿರೀಟದಲ್ಲಿರುವ ಧ್ಯಾನಿ ಬುದ್ಧನ ಮೂರ್ತಿ ಇವೆಲ್ಲ ಬೌದ್ಧರ ಅವಲೋಕಿತೇಶ್ವರನನ್ನು ತೋರಿಸುತ್ತವೆ. ಆದರೆ ಅದೇ ಶಾಸನದಲ್ಲಿ ಕುಂದವರ್ಮನು ತನ್ನನ್ನು ಚಂದ್ರಶೇಖರನಾದ ಶಿವನ ಪಾದಭಕ್ತನೆಂದೂ ಹೇಳಿಕೊಂಡಿದ್ದಾನೆ. ಮಂಜುನಾಥ ಎಂಬ ಹೆಸರಿಗೂ ಬೌದ್ಧರ ಮಂಜುಘೋಷನಿಗೂ ಸಂಬಂಧ ಹೇಳಿದ ವಿದ್ವಾಂಸರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಒಬ್ಬರು, ಒಪ್ಪದವರೂ ಇದ್ದಾರೆ. ಇದಕ್ಕೆ ನೇಪಾಳದಲ್ಲಿ ಒಂದು ಹೋಲಿಕೆ ಸಿಗುತ್ತದೆ. ಕಾಠ್ಮಂಡು ಕಣಿವೆಯ ಪಾಟನ್‌ನಲ್ಲಿ ವರ್ಷವರ್ಷ ರಥವೇರುವ ದೇವರನ್ನು ಹಿಂದೂಗಳು ಮತ್ಸ್ಯೇಂದ್ರನಾಥ ಎನ್ನುತ್ತಾರೆ, ಬೌದ್ಧರು ಅವಲೋಕಿತೇಶ್ವರ ಎನ್ನುತ್ತಾರೆ. ಮೂರ್ತಿ ಒಂದೇ, ತೇರು ಒಂದೇ. ಕದ್ರಿಯಲ್ಲೂ ಮತ್ಸ್ಯೇಂದ್ರನಾಥರೇ ನಾಥಪಂಥದ ಮೂಲಗುರು. ಯಾರೇ ಸ್ಥಾಪಿಸಿದ್ದಿರಲಿ, ಮುಂದೆ ಬಂದವರು ಆ ಕಂಚಿನ ಮೂರ್ತಿಯನ್ನು ಕರಗಿಸಲಿಲ್ಲ, ಹೊಳೆಗೆ ಹಾಕಲಿಲ್ಲ, ದೇವಸ್ಥಾನದಲ್ಲೇ ಇಟ್ಟುಕೊಂಡು ಕೈಮುಗಿದರು. ಇಲ್ಲದಿದ್ದರೆ 968ರ ಮಾತು ಇವತ್ತು ಯಾರಿಗೆ ತಿಳಿಯುತ್ತಿತ್ತು?

ಕೆರೆಗಳಿಂದ ಇನ್ನೂ ಮೇಲೆ ಹೋದರೆ ಜೋಗಿ ಮಠ, ಪಾಂಡವರ ಗುಹೆ ಎಂದು ಕರೆಯುವ ಕಲ್ಲಿನ ಗುಹೆಗಳು. ಮತ್ಸ್ಯೇಂದ್ರನಾಥರ ಜೊತೆ ಕೇರಳದ ಕಡೆಯಿಂದ ಬಂದ ರಾಣಿಯೊಬ್ಬಳು ಬೋಳಾರದಲ್ಲಿ ನೆಲೆಯಾಗಿ ಮಂಗಳಾದೇವಿಯಾದಳು, ಅವಳಿಂದಲೇ ಮಂಗಳೂರು ಎಂದಾಯಿತು ಎಂಬ ಕತೆಯನ್ನು ಇಲ್ಲಿ ಹಿರಿಯರು ಹೇಳುತ್ತಾರೆ. ಇದು ಕತೆ. ಆದರೆ ಜೋಗಿಗಳ ಬಗ್ಗೆ ಕಣ್ಣಾರೆ ಕಂಡು ಬರೆದವರೂ ಇದ್ದಾರೆ. ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ, ಪೋರ್ಚುಗೀಸರ ರಾಯಭಾರಿಯ ಜೊತೆ ಇಕ್ಕೇರಿಗೆ ಹೋಗಿದ್ದವನು, 1623ರಲ್ಲಿ ಮಂಗಳೂರಿಗೆ ಬಂದಾಗ ಜೋಗಿಗಳ ಅರಸನನ್ನು ನೋಡಲೆಂದೇ ಕದ್ರಿಗೆ ಬಂದನು. ಅರಸ ಅಂದರೆ ಸಿಂಹಾಸನ, ಪಹರೆ ಇರಬಹುದೆಂದು ಬಂದವನಿಗೆ ಸಿಕ್ಕಿದ್ದು ತೋಟದ ಕೆಲಸ ನೋಡಿಕೊಳ್ಳುತ್ತಿದ್ದ ಬಿಳಿಗಡ್ಡದ ಗಟ್ಟಿಮುಟ್ಟಾದ ಮುದುಕ. ಕಿವಿಯಲ್ಲಿ ಗುಂಡು, ತಲೆಗೆ ಕೆಂಪು ಟೋಪಿ. ಮೊದಲು ಜೋಗಿ ಅರಸನ ಕೈಯಲ್ಲಿ ದೊಡ್ಡ ಹುಟ್ಟುವಳಿಯ ಭೂಮಿ ಇತ್ತು, ಇಕ್ಕೇರಿಯ ವೆಂಕಟಪ್ಪ ನಾಯಕನ ಕಾಲಕ್ಕೆ ಅದರ ಹೆಚ್ಚಿನ ಪಾಲು ಹೋಯಿತು ಎಂದೂ ಅವನು ಬರೆದಿಟ್ಟಿದ್ದಾನೆ. ನಾಲ್ಕು ನೂರು ವರ್ಷದ ಹಿಂದಿನ ಒಂದು ಬೆಳಗಿನ ಚಿತ್ರ ಸಿಕ್ಕ ಹಾಗಾಯಿತು.

ಆ ಅರಸನ ಪೀಠ ಈಗಲೂ ಇದೆ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕ್ ಕುಂಭಮೇಳದ ಹೊತ್ತಿಗೆ ಹೊಸ ಅರಸರ ಆಯ್ಕೆ ಆಗಿ, ತ್ರ್ಯಂಬಕೇಶ್ವರದಿಂದ ಜೋಗಿಗಳ ತಂಡ ಪಾತ್ರದೇವತೆಯನ್ನು ಹೊತ್ತು ತಿಂಗಳುಗಟ್ಟಲೆ ನಡೆದೇ ಬರುತ್ತದೆ. 2015ರ ಕುಂಭಮೇಳದ ನಂತರ ಹೊರಟವರು 2016ರಲ್ಲಿ ಕದ್ರಿ ತಲುಪಿದರು.

ಧರ್ಮಸ್ಥಳದ ಮಂಜುನಾಥನ ಲಿಂಗವನ್ನು ಅಣ್ಣಪ್ಪ ದೈವ ಕದ್ರಿಯಿಂದಲೇ ಒಯ್ದನೆಂಬುದು ಎಲ್ಲರೂ ಬಲ್ಲ ಐತಿಹ್ಯ. ಅಲ್ಲಿಗೆ ಹೋಗುವವರು ಮೊದಲು ಇಲ್ಲಿ ಗುಡ್ಡೆ ಹತ್ತಿ ಇಳಿಯಲಿ. ಮಕರ ಸಂಕ್ರಾಂತಿಗೆ ಶುರುವಾಗುವ ಜಾತ್ರೆಯ ದಿನಗಳಲ್ಲಿ ಜನ ಜಾಸ್ತಿ, ಪೀಠದ ಶಾಸನದ ಹತ್ತಿರ ನಿಂತು ನೋಡುವುದಕ್ಕೆ ಆಗುವುದಿಲ್ಲ. ಉಳಿದ ದಿನಗಳಲ್ಲಿ ಬೆಳಗಿನ ಪೂಜೆಯ ನಂತರ ಬಂದರೆ ಒಳ್ಳೆಯದು.