ಮಾತಿಲ್ಲದ ರೋಗಿ

ಮನುಷ್ಯನು ಪಳಗಿಸಿದ ಪ್ರಾಣಿಗಳಲ್ಲಿ ನಾಯಿಯೇ ಮೊದಲನೆಯದು. ಆಕಳು, ಕುರಿ, ಕುದುರೆಗಳು ಅವನ ಹಟ್ಟಿಯನ್ನು ಸೇರುವುದಕ್ಕೆ ಸಾವಿರಾರು ವರ್ಷಗಳ ಮೊದಲೇ ಅದು ಅವನ ಬೆಂಕಿಯ ಬಳಿ ಬಂದು ಮಲಗಿತ್ತು. ಜರ್ಮನಿಯ ಬಾನ್ ನಗರದ ಸಮೀಪ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ಒಂದು ಪ್ರಾಚೀನ ಸಮಾಧಿ ದೊರೆಯಿತು. ಅದರಲ್ಲಿ ಒಬ್ಬ ಗಂಡಸಿನ, ಒಬ್ಬ ಹೆಂಗಸಿನ ಮತ್ತು ಒಂದು ನಾಯಿಮರಿಯ ಎಲುಬುಗಳಿದ್ದವು. ಅವು ಸುಮಾರು 14,000 ವರ್ಷಗಳಷ್ಟು ಹಳೆಯವು. ಆ ಮರಿಯ ಹಲ್ಲುಗಳನ್ನು ಪರೀಕ್ಷಿಸಿದ ವಿದ್ವಾಂಸರು, ಅದಕ್ಕೆ ಡಿಸ್ಟೆಂಪರ್ ಎಂಬ ಘೋರ ರೋಗ ತಗುಲಿತ್ತೆಂದೂ, ಯಾರಾದರೂ ಬೆಚ್ಚಗಿಟ್ಟು, ನೀರು ಕುಡಿಸಿ, ಆರೈಕೆ ಮಾಡದೆ ಅದು ಅಷ್ಟು ವಾರಗಳ ಕಾಲ ಬದುಕಿರಲಾರದೆಂದೂ 2018ರಲ್ಲಿ ತಿಳಿಸಿದರು. ಬೇಟೆಗೂ ಒದಗದ, ಕಾವಲಿಗೂ ಒದಗದ ರೋಗಿ ಮರಿಯನ್ನು ಆ ಆದಿಮಾನವರು ತಮ್ಮ ಕೈಯಿಂದ ಸಾಕಿದ್ದರು. ನಾಯಿಯ ಶುಶ್ರೂಷೆ ಇಂದಿನವರ ಶೋಕಿಯೆಂದು ಹೇಳುವವರು ಈ ಸಮಾಧಿಯನ್ನು ನೆನೆಯಬೇಕು.

ನಮ್ಮ ನಾಡಿನಲ್ಲಿಯೂ ಇಂಥ ಸಾಕ್ಷಿಯುಂಟು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಕಾಲದ ಶಿಲಾಶಾಸನವೊಂದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರಡನೆಯ ಬೂತುಗನ ಸೇವೆಯಲ್ಲಿದ್ದ ಮಣಲೇರನೆಂಬ ವೀರನು ತಕ್ಕೋಲದ ಕಾಳಗದಲ್ಲಿ ಶೌರ್ಯವನ್ನು ತೋರಿದಾಗ, ಒಡೆಯನು ಮೆಚ್ಚಿ ಬೇಕಾದುದನ್ನು ಬೇಡಿಕೊಳ್ಳೆಂದನಂತೆ. ಮಣಲೇರನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಮುಂದೆ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ನಾಯಿಯೂ ಒಟ್ಟಿಗೆ ಮಡಿದವು. ಆ ನಾಯಿಯ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗಾಗಿ ಭೂಮಿಯನ್ನೂ ಬಿಟ್ಟರು. ಮಡಿದ ನಾಯಿಗೆ ಕಲ್ಲು ನಿಲ್ಲಿಸಿದ ನಾಡು ನಮ್ಮದು. ಬದುಕಿರುವ, ಮುಪ್ಪಾದ ನಾಯಿಗೆ ನಾವು ಏನನ್ನು ಸಲ್ಲಿಸುತ್ತೇವೆ ಎಂಬುದು ಇಲ್ಲಿಯ ಪ್ರಶ್ನೆ.

ಕಾಳಿಯು ಎದುರಿಸಿದ ಕಾಡುಹಂದಿ ಉತ್ತರಕನ್ನಡದ ತೋಟಗಳಲ್ಲಿ ಇಂದಿಗೂ ಓಡಾಡುತ್ತದೆ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳು ಪಡುವಣ ಕಡಲಿಗೂ ಸಹ್ಯಾದ್ರಿಗೂ ನಡುವೆ ಸಿಕ್ಕಿದ ಕಿರಿದಾದ ನೆಲ. ಶರಾವತಿ, ಅಘನಾಶಿನಿಯರ ದಂಡೆಯಲ್ಲಿ ಮೇಲಕ್ಕೆ ಹೋದಂತೆ ಅಡಕೆ ತೋಟಗಳೂ ಅವುಗಳ ಬೆನ್ನಿಗೇ ಕಾಡೂ ಎದುರಾಗುತ್ತವೆ. ಅಲ್ಲಿ ಮನೆಯಿಂದ ಮನೆಗೆ ದೂರ. ಎಳನೀರಿಗೆ ಬರುವ ಮಂಗನನ್ನೂ ಗೆಣಸಿಗೆ ಬರುವ ಹಂದಿಯನ್ನೂ ಕೂಗಿ ಅಟ್ಟುವುದು ನಾಯಿಯೇ. ಅಂಗಳದಲ್ಲಿ ಹುಟ್ಟಿ, ಗಂಜಿ ಉಂಡು, ಜಗಲಿಯ ಕೆಳಗೆ ಮಲಗಿ ಹತ್ತು ಹನ್ನೆರಡು ಮಳೆಗಾಲಗಳನ್ನು ಕಳೆಯುವ ಈ ಪ್ರಾಣಿಗೆ ಮುಪ್ಪು ಬಂದಾಗ, 'ಇನ್ನೇನು, ಅದರ ಕಾಲವಾಯಿತು' ಎಂದು ಕೈಬಿಡುವುದು ಸುಲಭ. ಆದರೆ ಮುಪ್ಪು ರೋಗವಲ್ಲ. ಮುಪ್ಪಿನಲ್ಲಿ ಬರುವ ರೋಗಗಳಲ್ಲಿ ಕೆಲವು ವಾಸಿಯಾಗುವಂಥವು, ಕೆಲವು ಆಗದವು. ಇವೆರಡನ್ನು ಬೇರ್ಪಡಿಸಿ ತಿಳಿಯುವುದಕ್ಕೇ ವೈದ್ಯನು ಬೇಕು.

ಆ ವೈದ್ಯನನ್ನು ಹುಡುಕುವುದು ಈ ಸೀಮೆಯಲ್ಲಿ ಸುಲಭವಲ್ಲ. ತಾಲೂಕಿನ ಪಶು ಆಸ್ಪತ್ರೆಯನ್ನು ಜನರು ಇಂದಿಗೂ 'ದನದ ಆಸ್ಪತ್ರೆ' ಎಂದೇ ಕರೆಯುತ್ತಾರೆ. ಹೆಸರಿಗೆ ಅರ್ಥವಿದೆ. 1761ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಕ್ಲಾದ್ ಬೂರ್ಜಲಾ ಜಗತ್ತಿನ ಮೊದಲ ಪಶುವೈದ್ಯ ಶಾಲೆಯನ್ನು ಸ್ಥಾಪಿಸಿದಾಗ, ಆ ಕಾಲದ ದೊಡ್ಡ ಚಿಂತೆ ದನಗಳ ಸಾಂಕ್ರಾಮಿಕ ರೋಗ ಮತ್ತು ಕುದುರೆಗಳ ಆರೋಗ್ಯ. ನಮ್ಮಲ್ಲಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಆರಂಭವಾಯಿತು. ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ 2004ರಲ್ಲಿ ಹುಟ್ಟಿತು. ಈ ವಿದ್ಯೆಯನ್ನು ಕಲಿತು ಹಳ್ಳಿಗೆ ಬಂದ ವೈದ್ಯರ ಹಗಲೆಲ್ಲ ಹಾಲು ಕೊಡುವ ಆಕಳು, ಎಮ್ಮೆಗಳಿಗೆ ಮೀಸಲಾಗುವುದು ಸಹಜ. ಹೀಗಾಗಿ ನಾಯಿಯನ್ನು ಕರೆತಂದವನು ತನ್ನ ಸರದಿಗಾಗಿ ಕಾಯಬೇಕಾಗುತ್ತದೆ.

ನಮ್ಮ ಮನೆಯ ಕೆಂಪಿಗೆ ಹನ್ನೊಂದು ವರ್ಷವಾಗಿದ್ದಾಗ, ಅದರ ಮೊಲೆಗಳ ಸಾಲಿನಲ್ಲಿ ಅಡಕೆಯಷ್ಟು ಗಾತ್ರದ ಗಂಟೊಂದು ಕಾಣಿಸಿತು. ಎರಡು ತಿಂಗಳಲ್ಲಿ ಅದು ನಿಂಬೆಯಷ್ಟಾಯಿತು. ಹಿರಿಯ ಹೆಣ್ಣುನಾಯಿಗಳಲ್ಲಿ ಇಂಥ ಗಂಟು ಅಪರೂಪವಲ್ಲ. ಅವುಗಳಲ್ಲಿ ಸುಮಾರು ಅರ್ಧದಷ್ಟು ನಿರಪಾಯವಾದವು, ಉಳಿದವು ಅರ್ಬುದ. ಹೊರಗಿನಿಂದ ನೋಡಿ ಯಾವುದು ಯಾವುದೆಂದು ಹೇಳಲು ಬರುವುದಿಲ್ಲ. ಚಿಕ್ಕಂದಿನಲ್ಲಿಯೇ ಸಂತಾನಹರಣ ಚಿಕಿತ್ಸೆ ಮಾಡಿಸಿದ ನಾಯಿಗಳಲ್ಲಿ ಈ ಗಂಟು ಬಹಳ ವಿರಳ. ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ರೋಗದಿಂದಲೂ ಅವು ಪಾರಾಗುತ್ತವೆ.

ನೆರೆಯವರು, "ಮಾಸ್ತರೇ, ಮುದಿ ನಾಯಿಯ ಮೈಗೆ ಕತ್ತಿ ಹಾಕಿಸುವುದುಂಟೇ? ಬಿಟ್ಟುಬಿಡಿ" ಎಂದರು. ಅವರ ಮಾತಿನಲ್ಲಿ ಕ್ರೌರ್ಯವಿರಲಿಲ್ಲ, ಮರುಕವೇ ಇತ್ತು. ಒಬ್ಬ ವೈದ್ಯರು ಕೆಂಪಿಯನ್ನು ಮುಟ್ಟಿಯೂ ನೋಡದೆ, "ನಾಳೆಯೇ ತನ್ನಿ, ಅರ್ಧ ಗಂಟೆಯಲ್ಲಿ ತೆಗೆದುಬಿಡುತ್ತೇನೆ" ಎಂದರು. ಇನ್ನೊಬ್ಬ ವೈದ್ಯರು ನೆಲದ ಮೇಲೆ ಕುಳಿತು, ಕೆಂಪಿಯು ತಮ್ಮ ಕೈಯನ್ನು ಮೂಸುವವರೆಗೆ ಕಾದರು. ಬಳಿಕ ಗಂಟನ್ನು ಹಿಡಿದು ನೋಡಿದರು, ಎದೆಗೆ ನಾಳವಿಟ್ಟು ಬಹಳ ಹೊತ್ತು ಕೇಳಿದರು, ಕಿವಿಯ ಒಳಗಿನ ಉಣ್ಣಿಗಳನ್ನು ತೋರಿಸಿದರು. ಕೊನೆಗೆ, "ಮಾಸ್ತರೇ, ಗಂಟನ್ನು ತೆಗೆಯುವುದು ನನಗೆ ಗೊತ್ತು. ಆದರೆ ಈ ವಯಸ್ಸಿಗೆ ಮೊದಲು ರಕ್ತದ ಪರೀಕ್ಷೆ, ಎದೆಯ ಕ್ಷಕಿರಣ ಚಿತ್ರ ಆಗಬೇಕು. ಅರಿವಳಿಕೆಯಲ್ಲಿರುವಾಗ ಉಸಿರನ್ನು ಕಾಯುವ ಯಂತ್ರ ನನ್ನಲ್ಲಿಲ್ಲ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಒಯ್ಯಿರಿ, ಪತ್ರ ಬರೆದುಕೊಡುತ್ತೇನೆ" ಎಂದರು.

ತನ್ನಲ್ಲಿ ಇಲ್ಲದುದನ್ನು ಇಲ್ಲವೆಂದು ಹೇಳಿದ ಆ ಮಾತೇ ನಮಗೆ ಭರವಸೆಯನ್ನು ತಂದಿತು. ವೈದ್ಯನ ಗೋಡೆಯ ಮೇಲಿನ ಪದವಿಪತ್ರವನ್ನು ನೋಡುವುದು ಅಗತ್ಯವೇ. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯಂತೆ, ಶಸ್ತ್ರಚಿಕಿತ್ಸೆ ಮಾಡುವವನು ನೋಂದಾಯಿತ ವೈದ್ಯನಾಗಿರಬೇಕು. ಆದರೆ ನಂಬಿಕೆಗೆ ಅಷ್ಟೇ ಸಾಲದು. ಮದ್ದು ಬರೆಯುವ ಮೊದಲು ಪ್ರಾಣಿಯನ್ನು ಮುಟ್ಟಿ ನೋಡಿದನೇ? ಶಸ್ತ್ರಚಿಕಿತ್ಸೆ ಮಾಡಿಸಿದರೆ ಏನು, ಮಾಡಿಸದಿದ್ದರೆ ಏನು ಎಂಬುದನ್ನು ಎರಡೂ ಕಡೆಯಿಂದ ತಿಳಿಸಿದನೇ? ಅರಿವಳಿಕೆ ಕೊಡುವವರು ಯಾರು, ಆ ರಾತ್ರಿ ತೊಂದರೆಯಾದರೆ ಯಾರನ್ನು ಕರೆಯಬೇಕು, ಖರ್ಚು ಎಷ್ಟು ಎಂಬುದನ್ನು ಮುಂಚೆಯೇ ಹೇಳಿದನೇ? ತೆಗೆದ ಗಂಟನ್ನು ಪರೀಕ್ಷೆಗೆ ಕಳುಹಿಸುವನೇ? ಮತ್ತೊಬ್ಬರ ಅಭಿಪ್ರಾಯ ಕೇಳುತ್ತೇವೆಂದರೆ ಮುಖ ಸಿಂಡರಿಸದೆ ಒಪ್ಪಿದನೇ? ಮನುಷ್ಯ ರೋಗಿಯು ಈ ಪ್ರಶ್ನೆಗಳನ್ನು ತಾನೇ ಕೇಳಬಲ್ಲನು. ಮಾತಿಲ್ಲದ ರೋಗಿಯ ಪರವಾಗಿ ಅವನ್ನು ಕೇಳಬೇಕಾದವರು ಮನೆಯವರು. ವೈದ್ಯನನ್ನು ಆರಿಸಿಕೊಳ್ಳುವ ಹಕ್ಕು ನಾಯಿಗಿಲ್ಲ. ಆದ್ದರಿಂದಲೇ ನಮ್ಮ ಹೊಣೆ ಇಮ್ಮಡಿಯಾಗುತ್ತದೆ.

ರಕ್ತದ ಪರೀಕ್ಷೆಯ ಬೆಲೆ ನಮಗೆ ತಿಳಿದದ್ದು ಆಗಲೇ. ಅರಿವಳಿಕೆಯ ಮದ್ದನ್ನು ಮೈಯಿಂದ ಹೊರಹಾಕುವವು ಯಕೃತ್ತು, ಮೂತ್ರಪಿಂಡ, ಶ್ವಾಸಕೋಶಗಳು. ಮುಪ್ಪಿನಲ್ಲಿ ಅವು ಎಷ್ಟು ಕೆಲಸ ಮಾಡುತ್ತವೆಂಬುದನ್ನು ತಿಳಿಯದೆ ಮದ್ದಿನ ಪ್ರಮಾಣವನ್ನು ನಿರ್ಧರಿಸುವುದು ಅಪಾಯಕರ. ಕೆಂಪಿಯ ಯಕೃತ್ತು, ಮೂತ್ರಪಿಂಡಗಳು ಚೆನ್ನಾಗಿದ್ದವು. ಆದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಕಿರುತಟ್ಟೆಗಳು ತೀರ ಕಡಿಮೆಯಾಗಿದ್ದವು. ಉಣ್ಣಿಯ ಕಡಿತದಿಂದ ಬರುವ ಜ್ವರವೇ ಅದಕ್ಕೆ ಕಾರಣವಾಗಿತ್ತು. ಬಿಸಿಲೂ ತೇವವೂ ಕೂಡಿದ ನಮ್ಮ ಕರಾವಳಿಯಲ್ಲಿ ಉಣ್ಣಿಗಳಿಗೆ ಬರವಿಲ್ಲ. 'ನಾಳೆಯೇ' ಕತ್ತಿ ಹಾಕಿದ್ದರೆ ರಕ್ತ ನಿಲ್ಲುವುದು ಕಷ್ಟವಾಗುತ್ತಿತ್ತು. ನಾಲ್ಕು ವಾರ ಮದ್ದು ಕೊಟ್ಟು, ರಕ್ತವನ್ನು ಮತ್ತೊಮ್ಮೆ ನೋಡಿದ ಮೇಲೆ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಯಿತು. ಅಷ್ಟರಲ್ಲಿ ಮಳೆಗಾಲವೂ ಕಳೆದಿತ್ತು. ಅದೂ ಒಳ್ಳೆಯದೇ ಆಯಿತು, ಏಕೆಂದರೆ ಮಳೆಗಾಲದ ತೇವದಲ್ಲಿ ಗಾಯ ಒಣಗದು. ನೊಣ ಕುಳಿತು ಹುಳುವಾಗುವ ಭಯವೂ ಉಂಟು.

ಹಿಂದಿನ ರಾತ್ರಿ ವೈದ್ಯರು ಹೇಳಿದ ಹೊತ್ತಿನ ಮೇಲೆ ಅನ್ನ ಹಾಕಲಿಲ್ಲ. ಕೆಂಪಿಯು ಬಟ್ಟಲನ್ನು ನೆಕ್ಕಿ ನಮ್ಮ ಮುಖ ನೋಡಿದಾಗ ಮನಸ್ಸು ಕರಗಿತು. ಆದರೆ ತುಂಬಿದ ಹೊಟ್ಟೆಯಲ್ಲಿ ಅರಿವಳಿಕೆ ಕೊಟ್ಟರೆ ವಾಂತಿಯಾಗಿ, ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೆ ಎರವಾಗಬಹುದು. ಆ ಹೊತ್ತಿನ ಕರುಣೆ ಅನ್ನ ಹಾಕುವುದರಲ್ಲಿರಲಿಲ್ಲ. ನಸುಕಿನಲ್ಲಿ ಗೋಣಿತಾಟು ಹಾಸಿದ ಬಾಡಿಗೆಯ ಕಾರಿನಲ್ಲಿ ಗೇರುಸೊಪ್ಪೆಯ ಘಟ್ಟವನ್ನು ಹತ್ತಿ, ಸಾಗರದ ಮೇಲೆ ಶಿವಮೊಗ್ಗವನ್ನು ತಲಪಿದೆವು. ತಿರುವು ತಿರುವಿಗೂ ಕೆಂಪಿಯು ನನ್ನ ಮೊಣಕಾಲಿಗೆ ತಲೆಯನ್ನು ಒತ್ತುತ್ತಿತ್ತು. ಅರಿವಳಿಕೆಯ ಸೂಜಿ ಚುಚ್ಚುವವರೆಗೂ ಮನೆಯವರೊಬ್ಬರು ಜೊತೆಯಲ್ಲಿರಬಹುದೆಂದರು. ಗುರುತಿನ ದನಿ, ಗುರುತಿನ ವಾಸನೆ ಹತ್ತಿರವಿದ್ದರೆ ನಾಯಿಯ ಎದೆಬಡಿತ ಶಾಂತವಾಗುತ್ತದೆ.

1846ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯನು ಈಥರ್ ಅನಿಲದಿಂದ ರೋಗಿಯ ಅರಿವಳಿಸಿ ತೋರಿಸುವವರೆಗೆ, ಶಸ್ತ್ರಚಿಕಿತ್ಸೆಯೆಂದರೆ ಮನುಷ್ಯನಿಗೂ ಸಹಿಸಲಾಗದ ಯಾತನೆಯಾಗಿತ್ತು. ಇಂದು ಹಳ್ಳಿಯ ನಾಯಿಯೊಂದು ನೋವಿನ ಅರಿವಿಲ್ಲದೆ ಮಲಗಿ ಏಳುತ್ತದೆ. ವಿಜ್ಞಾನವು ಮನುಷ್ಯನಿಗೆಂದು ಕಂಡುಕೊಂಡ ವರವನ್ನು ಮೂಕಪ್ರಾಣಿಯೊಡನೆ ಹಂಚಿಕೊಂಡಿದೆ.

ಶಸ್ತ್ರಚಿಕಿತ್ಸೆಯು ವೈದ್ಯನ ಕೆಲಸ, ಆಮೇಲಿನದು ಮನೆಯವರದು. ಅರಿವಳಿಕೆ ಇಳಿಯುವಾಗ ಮೈ ತಣ್ಣಗಾಗುವುದರಿಂದ ಕಂಬಳಿ ಹೊದಿಸಬೇಕು. ಪೂರ್ಣ ಎಚ್ಚರವಾಗುವವರೆಗೆ ಬಾಯಿಗೆ ನೀರು ಹೊಯ್ಯಬಾರದು. ಹೊಲಿಗೆಯನ್ನು ನೆಕ್ಕದಂತೆ ಕೊರಳಿಗೆ ಅಗಲವಾದ ಪಟ್ಟಿಯನ್ನು ಕಟ್ಟಬೇಕು. ಮನುಷ್ಯರ ನೋವಿನ ಗುಳಿಗೆಗಳನ್ನು ತಪ್ಪಿಯೂ ಕೊಡಬಾರದು. ನಮಗೆ ಒಗ್ಗುವ ಐಬುಪ್ರೊಫೆನ್‌ನಂಥ ಗುಳಿಗೆ ನಾಯಿಯ ಹೊಟ್ಟೆಗೂ ಮೂತ್ರಪಿಂಡಕ್ಕೂ ವಿಷ. ಗಾಯ ಊದಿದರೆ, ನೀರು ಸೋರಿದರೆ, ಒಂದು ದಿನ ಕಳೆದರೂ ಅನ್ನ ಮುಟ್ಟದಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಹತ್ತರಿಂದ ಹದಿನಾಲ್ಕು ದಿನಗಳಲ್ಲಿ ಹೊಲಿಗೆ ಬಿಚ್ಚುವವರೆಗೆ ಓಟ, ಜಿಗಿತ, ಮೆಟ್ಟಿಲು ಸಲ್ಲದು. ಕೆಂಪಿಗೆ ಕಷ್ಟವೆನಿಸಿದ್ದು ಇದೊಂದೇ. ತೋಟದಲ್ಲಿ ಮಂಗ ಕೂಗಿದಾಗ ಅದು ಕಟ್ಟಿದಲ್ಲಿಂದಲೇ ನರಳುತ್ತಿತ್ತು. ಹೊಲಿಗೆ ಬಿಚ್ಚಿದವರು ಪತ್ರ ಬರೆದುಕೊಟ್ಟ ಊರಿನ ವೈದ್ಯರೇ. ಗಂಟು ನಿರಪಾಯವಾದುದೆಂದು ವರದಿ ಬಂದಿತು. ಕೆಂಪಿಯು ಮತ್ತೆ ಎರಡು ಮಳೆಗಾಲ ನಮ್ಮ ಜಗಲಿಯಲ್ಲಿತ್ತು.

ಎಲ್ಲ ಮುದಿ ನಾಯಿಗಳ ಕಥೆಯೂ ಹೀಗೆ ಮುಗಿಯದು. ಎದೆಯ ಚಿತ್ರದಲ್ಲಿ ಅರ್ಬುದವು ಶ್ವಾಸಕೋಶಕ್ಕೆ ಹರಡಿದ್ದು ಕಂಡರೆ, ಹೃದಯ ಸೋತಿದ್ದರೆ, ಕತ್ತಿಯಿಂದ ಆಗುವ ಉಪಕಾರವಿಲ್ಲ. ಆಗ ನೋವು ಕಡಿಮೆ ಮಾಡುವ ಮದ್ದು, ಮೆತ್ತನೆಯ ಹಾಸಿಗೆ, ಹತ್ತಿರ ಕುಳಿತುಕೊಳ್ಳುವ ಒಬ್ಬರು ಇವೇ ಚಿಕಿತ್ಸೆ. ನೋವು ಮದ್ದಿಗೂ ಮಣಿಯದಾದಾಗ, ಶಾಂತವಾದ ಮರಣವನ್ನು ಕೊಡುವ ಮಾತನ್ನೂ ಒಳ್ಳೆಯ ವೈದ್ಯನು ಮರೆಮಾಚದೆ ಆಡುತ್ತಾನೆ. ಶಸ್ತ್ರಚಿಕಿತ್ಸೆ ಬೇಡವೆನ್ನುವುದು ಕೆಲವೊಮ್ಮೆ ಸರಿಯಾದ ತೀರ್ಮಾನವೇ. ಪರೀಕ್ಷಿಸಿ, ತಿಳಿದು, ಬೇಡವೆನ್ನುವುದು ಬೇರೆ. ನೋಡದೆಯೇ ಕೈಬಿಡುವುದು ಬೇರೆ.

ಧರ್ಮರಾಯನು ತನ್ನ ಬೆನ್ನು ಹತ್ತಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನು ಏರಲೊಪ್ಪಲಿಲ್ಲವೆಂದು ಮಹಾಭಾರತವು ಹೇಳುತ್ತದೆ. ನಮಗೆ ಅಷ್ಟು ದೊಡ್ಡ ಪರೀಕ್ಷೆ ಬರಲಾರದು. ಒಂದು ದಿನದ ಕೂಲಿ, ಒಂದು ಘಟ್ಟದ ಪಯಣ, ಹದಿನಾಲ್ಕು ರಾತ್ರಿಗಳ ಎಚ್ಚರ ಇಷ್ಟೇ ನಮ್ಮಿಂದ ಬೇಡಲಾಗುವುದು. ನಾಯಿಯು ನಮ್ಮನ್ನು ಪರೀಕ್ಷಿಸಿ ನಂಬುವುದಿಲ್ಲ, ನಂಬಿಬಿಟ್ಟಿರುತ್ತದೆ. ಅದಕ್ಕಾಗಿ ವೈದ್ಯನನ್ನು ಪರೀಕ್ಷಿಸಿ ನಂಬುವ ಕೆಲಸವನ್ನು ನಾವು ಮಾಡಬೇಕು.

ಪದಗಳ ಅರ್ಥ

ಹಟ್ಟಿ – ದನಕುರಿಗಳ ಕೊಟ್ಟಿಗೆ. ಶುಶ್ರೂಷೆ – ಆರೈಕೆ. ಪಡುವಣ – ಪಶ್ಚಿಮದ. ಅರ್ಬುದ – ಕ್ಯಾನ್ಸರ್ ಗೆಡ್ಡೆ. ಅರಿವಳಿಕೆ – ಪ್ರಜ್ಞೆ ತಪ್ಪಿಸುವ ಮದ್ದು. ಕ್ಷಕಿರಣ – ಎಕ್ಸ್-ರೇ. ಎರವಾಗು – ಕೇಡಾಗು. ಇಮ್ಮಡಿ – ಎರಡರಷ್ಟು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ.
1. ಮಣಲೇರನು ಒಡೆಯನಲ್ಲಿ ಏನನ್ನು ಬೇಡಿದನು?
2. ಜಗತ್ತಿನ ಮೊದಲ ಪಶುವೈದ್ಯ ಶಾಲೆ ಎಲ್ಲಿ ಸ್ಥಾಪನೆಯಾಯಿತು?
3. ಕೆಂಪಿಯ ರಕ್ತಪರೀಕ್ಷೆಯಲ್ಲಿ ಕಂಡುಬಂದ ದೋಷ ಯಾವುದು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ.
1. ಓಬರ್‌ಕಾಸೆಲ್ ಸಮಾಧಿಯಿಂದ ತಿಳಿಯುವುದೇನು?
2. ನಂಬಬಹುದಾದ ವೈದ್ಯನನ್ನು ಗುರುತಿಸುವುದು ಹೇಗೆ?
3. ಶಸ್ತ್ರಚಿಕಿತ್ಸೆಯ ಅನಂತರ ಮನೆಯವರು ವಹಿಸಬೇಕಾದ ಎಚ್ಚರಗಳಾವುವು?

ಇ) ಸಂದರ್ಭದೊಡನೆ ವಿವರಿಸಿ.
1. "ಮುದಿ ನಾಯಿಯ ಮೈಗೆ ಕತ್ತಿ ಹಾಕಿಸುವುದುಂಟೇ?"
2. "ಆ ಹೊತ್ತಿನ ಕರುಣೆ ಅನ್ನ ಹಾಕುವುದರಲ್ಲಿರಲಿಲ್ಲ."

ಈ) ನಿಮ್ಮ ಊರಿನ ಪಶು ಆಸ್ಪತ್ರೆಗೆ ಭೇಟಿ ಕೊಟ್ಟು, ಅಲ್ಲಿ ಒಂದು ದಿನ ಬರುವ ರೋಗಿಗಳನ್ನು ಕುರಿತು ಪ್ರಬಂಧ ಬರೆಯಿರಿ.